ಕಿವಿ ಮರಳಿತು, ಕಡತ ಮುಗಿಯಲಿಲ್ಲ

ಎರಡು ವರ್ಷಗಳ ಹಿಂದಿನ ಶ್ರಾವಣದ ಒಂದು ಬೆಳಿಗ್ಗೆ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ನಮ್ಮ ಮನೆಯ ಪಡಸಾಲೆಯಲ್ಲಿ ಪತ್ರಿಕೆ ಓದುತ್ತ ಕುಳಿತಿದ್ದೆ. ಧಾರವಾಡದಿಂದ ಮಗಳ ಕರೆ ಬಂತು. ಎಂದಿನಂತೆ ಫೋನನ್ನು ಬಲಗಿವಿಗೆ ಹಿಡಿದರೆ ಆ ಕಡೆಯಿಂದ ಸದ್ದೇ ಇಲ್ಲ. 'ಹಲೋ, ಹಲೋ' ಎಂದು ಎರಡು ಸಲ ಕೂಗಿ, ನೆಟ್‌ವರ್ಕನ್ನು ಶಪಿಸಿ ಕೆಳಗಿಟ್ಟೆ. ಫೋನ್ ಮತ್ತೆ ಬಂತು. ಈ ಸಲ ಬಲಗೈಯಲ್ಲಿ ಚಹಾದ ಕಪ್ಪು ಇದ್ದುದರಿಂದ ಎಡಗಿವಿಗೆ ಹಿಡಿದೆ. 'ಅಪ್ಪಾ, ಯಾಕ ಫೋನ್ ಇಟ್ರಿ? ನಾ ಮಾತಾಡಾಕತ್ತಿದ್ನಲ್ಲ' ಎಂಬ ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು. ಫೋನನ್ನು ಬಲಕ್ಕೆ ತಂದೆ, ಮೌನ. ಎಡಕ್ಕೆ ಒಯ್ದೆ, ಮಗಳು. ಹೀಗೆ ಮೂರು ಸಲ ಮಾಡಿದ ಮೇಲೆ ಹಾಳಾದದ್ದು ಫೋನಲ್ಲ, ನನ್ನ ಕಿವಿ ಎಂಬುದು ಮನದಟ್ಟಾಯಿತು. ಹಿಂದಿನ ರಾತ್ರಿ ಮಲಗುವಾಗ ಆ ಕಿವಿ ಸರಿಯಾಗಿಯೇ ಇತ್ತು.

ಮುಂದಿನ ಹನ್ನೊಂದು ದಿನಗಳಲ್ಲಿ ನಾನು ಮಾಡಿದ್ದನ್ನು ಹೇಳಿಕೊಳ್ಳಲು ಈಗ ಸಂಕೋಚವಾಗುತ್ತದೆ. ಆದರೆ ಈ ಲೇಖನದ ಉದ್ದೇಶವೇ ಅದನ್ನು ಹೇಳುವುದು. ಮೊದಲ ಎರಡು ದಿನ ಗುಗ್ಗೆ ಕಟ್ಟಿಕೊಂಡಿರಬೇಕೆಂದು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯ ಹನಿ ಬಿಟ್ಟುಕೊಂಡೆ. ಮೂರನೆಯ ದಿನ ಔಷಧ ಅಂಗಡಿಯಿಂದ ಗುಗ್ಗೆ ಕರಗಿಸುವ ದ್ರಾವಣ ತಂದೆ. 'ನೆಗಡಿ ಕಿವಿಗಿ ಇಳದಿರಬೇಕ್ರಿ ಸಾಹೇಬ್ರ, ನಾಲ್ಕ ದಿನದಾಗ ತಾನ ಬಿಡತೈತಿ' ಎಂದು ಬೆಳಗಿನ ವಾಯುವಿಹಾರದ ಗೆಳೆಯರೊಬ್ಬರು ಧೈರ್ಯ ಹೇಳಿದರು. ಆರನೆಯ ದಿನ ಪರಿಚಯದ ವೈದ್ಯರೊಬ್ಬರ ಬಳಿ ಹೋದೆ. ಅವರು ಬ್ಯಾಟರಿಯ ಬೆಳಕಿನಲ್ಲಿ ಕಿವಿ ನೋಡಿ, ಒಳಗೆ ಏನೂ ಇಲ್ಲವೆಂದು ಹೇಳಿ ನೆಗಡಿಯ ಮಾತ್ರೆ ಬರೆದುಕೊಟ್ಟರು. 'ಏನೂ ಇಲ್ಲ' ಎಂಬ ಮಾತು ನನಗೆ ಸಮಾಧಾನ ತಂದಿತು. ನಿಜದಲ್ಲಿ ಭಯಪಡಬೇಕಾದದ್ದು ಆ ಮಾತಿಗೇ. ಗುಗ್ಗೆ ಇಲ್ಲ, ಸೋರಿಕೆ ಇಲ್ಲ, ನೋವಿಲ್ಲ, ತಮಟೆ ಸರಿಯಾಗಿದೆ, ಆದರೂ ಕಿವಿ ಕೇಳಿಸದು ಎಂದರೆ ದೋಷ ಇನ್ನೂ ಒಳಗೆ, ಒಳಗಿವಿಯಲ್ಲೋ ನರದಲ್ಲೋ ಇದೆ ಎಂದರ್ಥ. ಈ ತರ್ಕ ಅಂದು ನನಗೆ ಹೊಳೆಯಲಿಲ್ಲ.

ಹನ್ನೊಂದನೆಯ ದಿನ ಸ್ನಾನದ ಮನೆಯಲ್ಲಿ ತಲೆ ತಿರುಗಿ ಗೋಡೆ ಹಿಡಿದುಕೊಂಡೆ. ಅದೇ ದಿನ ನನ್ನ ಹೆಂಡತಿ ಬಲವಂತದಿಂದ ಕಿವಿ-ಮೂಗು-ಗಂಟಲಿನ ತಜ್ಞರ ಬಳಿ ಕರೆದೊಯ್ದಳು. ಅವರು ಟ್ಯೂನಿಂಗ್ ಫೋರ್ಕ್ ಎಂಬ ಉಕ್ಕಿನ ಕವೆಯನ್ನು ಬಡಿದು ನನ್ನ ಹಣೆಯ ನಡುವೆ ಇಟ್ಟು, ಸದ್ದು ಯಾವ ಕಡೆ ಕೇಳಿಸುತ್ತದೆ ಎಂದು ಕೇಳಿದರು. ಎಡಕ್ಕೆ ಎಂದೆ. ಗುಗ್ಗೆಯಿಂದಲೋ ನೆಗಡಿಯಿಂದಲೋ ಕಿವಿ ಕಟ್ಟಿದ್ದರೆ ಆ ಸದ್ದು ಕಟ್ಟಿದ ಕಿವಿಯ ಕಡೆಗೇ ವಾಲುತ್ತದೆ, ನರದ ದೋಷವಾಗಿದ್ದರೆ ಚೆನ್ನಾಗಿರುವ ಕಿವಿಯ ಕಡೆಗೆ ವಾಲುತ್ತದೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ವಾಂಸ ವೆಬರ್ ಹೆಸರಿನ ಈ ಪರೀಕ್ಷೆಗೆ ವಿದ್ಯುತ್ತೂ ಬೇಡ, ಕಂಪ್ಯೂಟರೂ ಬೇಡ. ಹನ್ನೊಂದು ದಿನ ನನ್ನನ್ನು ದಾರಿ ತಪ್ಪಿಸಿದ್ದ ಪ್ರಶ್ನೆಗೆ ಅರ್ಧ ನಿಮಿಷದಲ್ಲಿ ಉತ್ತರ ಸಿಕ್ಕಿತು. ಬಳಿಕ ನಡೆದ ಶ್ರವಣ ಪರೀಕ್ಷೆಯ ನಕ್ಷೆಯಲ್ಲಿ ಬಲಗಿವಿಯ ಗೆರೆ ಕೆಳಗೆ ಜಾರಿ ಬಿದ್ದಿತ್ತು. 'ಎಷ್ಟು ದಿನವಾಯಿತು?' ಎಂದು ವೈದ್ಯರು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. 'ಮೊದಲ ದಿನವೇ ಬರಬೇಕಿತ್ತು' ಎಂದಷ್ಟೇ ಹೇಳಿದರು.

ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ ಖಚಿತವಾದ ವ್ಯಾಖ್ಯೆಯಿದೆ. ಎಪ್ಪತ್ತೆರಡು ಗಂಟೆಗಳೊಳಗೆ, ಶ್ರವಣ ಪರೀಕ್ಷೆಯ ಒಂದಕ್ಕೊಂದು ಹೊಂದಿಕೊಂಡ ಮೂರು ಕಂಪನಾಂಕಗಳಲ್ಲಾದರೂ 30 ಡೆಸಿಬಲ್ ಅಥವಾ ಅದಕ್ಕಿಂತ ಹೆಚ್ಚಿನ ನಷ್ಟವಾದರೆ ಅದು ಹಠಾತ್ ನರಸಂಬಂಧಿ ಶ್ರವಣದೋಷ. ಬಹುತೇಕ ರೋಗಿಗಳಲ್ಲಿ ಇದು ಒಂದೇ ಕಿವಿಗೆ ಬರುತ್ತದೆ, ಬಹುತೇಕರಲ್ಲಿ ಕಾರಣ ತಿಳಿಯುವುದೇ ಇಲ್ಲ. ವೈರಾಣುವಿನ ಸೋಂಕು, ಒಳಗಿವಿಯ ಅತಿ ಸಣ್ಣ ರಕ್ತನಾಳದಲ್ಲಿ ಅಡಚಣೆ, ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬೀಳುವುದು ಎಂಬಂಥ ಊಹೆಗಳಿವೆ. ಹಿಂದಿ ಚಿತ್ರರಂಗದ ಖ್ಯಾತ ಗಾಯಕಿ ಅಲ್ಕಾ ಯಾಜ್ಞಿಕ್ ಅವರು 2024ರ ಜೂನ್‌ನಲ್ಲಿ, ವಿಮಾನದಿಂದ ಇಳಿದು ಬರುವಾಗ ತಮಗೆ ಏನೂ ಕೇಳಿಸದಾಯಿತೆಂದೂ, ವೈರಾಣುವಿನ ದಾಳಿಯಿಂದ ಶ್ರವಣ ನರಕ್ಕೆ ಹಾನಿಯಾಗಿದೆಯೆಂದು ವೈದ್ಯರು ತಿಳಿಸಿದರೆಂದೂ ಸಾರ್ವಜನಿಕವಾಗಿ ಹೇಳಿಕೊಂಡಾಗ ದೇಶದ ಗಮನ ಈ ಕಾಯಿಲೆಯತ್ತ ಹರಿದಿತ್ತು. ಹಾಡುವುದನ್ನೇ ಬದುಕಾಗಿಸಿಕೊಂಡವರನ್ನೂ ಇದು ಮುನ್ಸೂಚನೆಯಿಲ್ಲದೆ ತಟ್ಟಬಲ್ಲದು.

ಚಿಕಿತ್ಸೆ ಎಂದರೆ ಮುಖ್ಯವಾಗಿ ಸ್ಟೀರಾಯ್ಡ್, ಮಾತ್ರೆಯ ರೂಪದಲ್ಲಿ ಅಥವಾ ಕಿವಿತಮಟೆಯ ಮೂಲಕ ಮಧ್ಯಕಿವಿಗೆ ನೀಡುವ ಚುಚ್ಚುಮದ್ದಿನ ರೂಪದಲ್ಲಿ. ಆರಂಭವಾದ ಎರಡು ವಾರಗಳೊಳಗೆ ಕೊಟ್ಟರೆ ಪ್ರಯೋಜನದ ಸಾಧ್ಯತೆ ಹೆಚ್ಚು ಎಂಬುದು ಇಂದಿನ ತಿಳಿವಳಿಕೆ. ಎಲ್ಲರಿಗೂ ಫಲ ಸಿಕ್ಕೀತೆಂಬ ಖಾತರಿಯಿಲ್ಲ, ಔಷಧವಿಲ್ಲದೆ ತಾನಾಗಿ ಚೇತರಿಸಿಕೊಳ್ಳುವವರೂ ಇದ್ದಾರೆ. ಆದರೆ ಯಾರು ಚೇತರಿಸಿಕೊಳ್ಳುತ್ತಾರೆ, ಯಾರು ಇಲ್ಲ ಎಂಬುದನ್ನು ಮುಂಚಿತವಾಗಿ ಹೇಳಲಾಗದು. ನನಗೆ ಸಕ್ಕರೆ ಕಾಯಿಲೆ ಇದ್ದುದರಿಂದ ದಿನವೂ ರಕ್ತಪರೀಕ್ಷೆ ಮಾಡಿಕೊಳ್ಳುತ್ತ ಮಾತ್ರೆ ನುಂಗಿದೆ. ಮೂರನೆಯ ವಾರ ಕುಕ್ಕರಿನ ಸೀಟಿ ಬಲಗಡೆಯಿಂದಲೂ ಕೇಳಿಸತೊಡಗಿತು. ಮುಂದಿನ ಶ್ರವಣ ಪರೀಕ್ಷೆಯಲ್ಲಿ ಕಳೆದದ್ದರಲ್ಲಿ ಬಹುಪಾಲು ಮರಳಿತ್ತು. ನನ್ನ ಪಾಲಿಗೆ ಕಡತ ಮುಕ್ತಾಯವಾಯಿತು.

ಆದರೆ ವೈದ್ಯರ ಪಾಲಿಗೆ ಆಗಿರಲಿಲ್ಲ. ಮೊದಲ ದಿನವೇ ಅವರು ಚೀಟಿಯ ಕೊನೆಯ ಸಾಲಿನಲ್ಲಿ ಎಂಆರ್‌ಐ ಎಂದು ಬರೆದಿದ್ದರು. ಕಿವಿ ಮರಳಿದ ಮೇಲೆ ಅದು ಏಕೆ ಬೇಕು ಎಂದು ನಾನು ವಾದಿಸಿದೆ. 'ಔಷಧಕ್ಕೆ ಕಿವಿ ಸ್ಪಂದಿಸಿತು ಎಂದರೆ ಕಾರಣ ಹೋಯಿತು ಎಂದಲ್ಲ' ಎಂದರು ಅವರು. ಹಬ್ಬಗಳು ಮುಗಿಯಲಿ, ಮೊಮ್ಮಗನ ಜವಳ ಮುಗಿಯಲಿ ಎಂದು ನಾಲ್ಕು ತಿಂಗಳು ಮುಂದೂಡಿದೆ. ಮೂವತ್ತು ವರ್ಷ ಅನ್ಯರ ಕಡತಗಳ ವಿಳಂಬಕ್ಕೆ ಕಾರಣ ಕೇಳಿ ನೋಟಿಸು ಕೊಟ್ಟವನು ನಾನು. ಕೊನೆಗೆ, ಬಲಗಿವಿಯಲ್ಲಿ ರಾತ್ರಿ ವೇಳೆ ನಿಲ್ಲದೆ ಕೇಳುವ ಜೀರುಂಡೆಯಂಥ ಸದ್ದಿಗೆ ಬೇಸತ್ತು ಪರೀಕ್ಷೆಗೆ ಒಪ್ಪಿದೆ. ವರದಿಯಲ್ಲಿ, ಬಲಗಿವಿಯ ನರ ಮೆದುಳಿನತ್ತ ಹಾಯುವ ಎಲುಬಿನ ಕಾಲುವೆಯಲ್ಲಿ 8 ಮಿಲಿಮೀಟರಿನ ಗಡ್ಡೆಯೊಂದು ಇದೆಯೆಂದು ನಮೂದಾಗಿತ್ತು. ಕಡಲೆಕಾಳಿನಷ್ಟು ಗಾತ್ರ.

'ಗಡ್ಡೆ' ಎಂಬ ಶಬ್ದ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಒಂದೇ ಅರ್ಥ ಹೊಮ್ಮಿಸುತ್ತದೆ. ಅಂದು ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಆದ್ದರಿಂದ ಇದು ಏನು, ಏನಲ್ಲ ಎಂಬುದನ್ನು ವಿವರವಾಗಿ ಹೇಳಬೇಕು. ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಎಂಟನೆಯದು ಕಿವಿಯದು. ಅದರ ಒಂದು ಎಳೆ ಶಬ್ದವನ್ನೂ ಇನ್ನೊಂದು ದೇಹದ ಸಮತೋಲನದ ಸುದ್ದಿಯನ್ನೂ ಮೆದುಳಿಗೆ ಮುಟ್ಟಿಸುತ್ತವೆ. ತಂತಿಗೆ ಪ್ಲಾಸ್ಟಿಕ್ ಕವಚವಿದ್ದಂತೆ ನರಕ್ಕೆ ಕವಚ ಹೊದಿಸುವ ಜೀವಕೋಶಗಳಿವೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಥಿಯೋಡೋರ್ ಶ್ವಾನ್ ಅವರ ಹೆಸರಿನಿಂದ ಇವುಗಳನ್ನು ಶ್ವಾನ್ ಕೋಶಗಳೆನ್ನುತ್ತಾರೆ. ಸಮತೋಲನದ ಎಳೆಯ ಮೇಲೆ ಈ ಕೋಶಗಳು ಅಂಕೆಮೀರಿ ಬೆಳೆದಾಗ ಉಂಟಾಗುವುದೇ ವೆಸ್ಟಿಬ್ಯುಲರ್ ಶ್ವಾನೋಮ. ಹಳೆಯ ಹೆಸರು ಅಕೌಸ್ಟಿಕ್ ನ್ಯೂರೋಮ. ಇದು ಕ್ಯಾನ್ಸರ್ ಅಲ್ಲ, ದೇಹದ ಬೇರೆಡೆಗೆ ಹರಡುವುದಿಲ್ಲ. ಸಾಮಾನ್ಯವಾಗಿ ಬಹಳ ನಿಧಾನವಾಗಿ, ವರ್ಷಕ್ಕೆ ಒಂದೆರಡು ಮಿಲಿಮೀಟರಿನಷ್ಟು ಬೆಳೆಯುತ್ತದೆ. ವರ್ಷಗಟ್ಟಲೆ ಬೆಳೆಯದೆ ಇದ್ದಲ್ಲಿಯೇ ಇರುವ ಗಡ್ಡೆಗಳೂ ಅನೇಕ.

ಹಾಗಾದರೆ ತೊಂದರೆ ಎಲ್ಲಿ? ಜಾಗದಲ್ಲಿ. ಆ ಎಲುಬಿನ ಕಾಲುವೆ ಸುಮಾರು ಒಂದು ಸೆಂಟಿಮೀಟರ್ ಉದ್ದದ ಇಕ್ಕಟ್ಟಾದ ಓಣಿ. ಅದರಲ್ಲಿ ಕಿವಿಯ ನರದ ಜೊತೆಗೆ ಮುಖದ ಚಲನೆಯನ್ನು ನಿಯಂತ್ರಿಸುವ ನರವೂ ಒಳಗಿವಿಗೆ ರಕ್ತ ಒಯ್ಯುವ ನಾಳವೂ ಹಾಯುತ್ತವೆ. ಓಣಿಯಲ್ಲಿ ಯಾರೋ ಚಪ್ಪರ ಹಾಕಿದರೆ ಎಲ್ಲರ ದಾರಿಯೂ ಕಟ್ಟುತ್ತದೆ. ಗಡ್ಡೆ ರಕ್ತನಾಳವನ್ನು ಒತ್ತಿದರೆ ಕಿವಿ ಒಂದೇ ರಾತ್ರಿಯಲ್ಲಿ ಮೂಕವಾಗಬಹುದು ಎಂಬುದು ತಜ್ಞರ ಒಂದು ವಿವರಣೆ. ಹೆಚ್ಚಿನ ರೋಗಿಗಳಲ್ಲಿ ಶ್ರವಣಶಕ್ತಿ ಮೆಲ್ಲಮೆಲ್ಲನೆ ಕುಂದುತ್ತದೆ. ಆದರೆ ಇಂಥ ಗಡ್ಡೆ ಇರುವ ಹತ್ತು ಜನರಲ್ಲಿ ಒಬ್ಬರಿಗಾದರೂ ಹಠಾತ್ ಕಿವುಡೇ ಸೂಚನೆಯಾಗಿ ಬರುತ್ತದೆ. ಗಡ್ಡೆ ಚಿಕ್ಕದಿದ್ದಾಗಲೂ ಹೀಗಾಗಬಹುದು. ಸ್ಟೀರಾಯ್ಡಿನಿಂದ ಕಿವಿ ಮರಳಲೂಬಹುದು. ನಾನು ಎಡವಿದ್ದು ಇಲ್ಲಿಯೇ.

ವೈದ್ಯಕೀಯ ಇತಿಹಾಸದಲ್ಲಿ ಈ ಗಡ್ಡೆಗೆ ಒಂದು ಉದ್ದನೆಯ ಕಥೆಯಿದೆ. 1777ರಲ್ಲಿ ನೆದರ್ಲೆಂಡ್ಸ್‌ನ ಲೈಡೆನ್ ನಗರದ ಎಡ್ವರ್ಡ್ ಸ್ಯಾಂಡಿಫೋರ್ಟ್ ಶವಪರೀಕ್ಷೆಯೊಂದರಲ್ಲಿ ಇದನ್ನು ಕಂಡು ದಾಖಲಿಸಿದ. ಮುಂದೆ ಶಸ್ತ್ರಚಿಕಿತ್ಸೆ ಆರಂಭವಾದಾಗ ಮೇಜಿನ ಮೇಲಿಂದ ಜೀವಂತ ಏಳುವವರೇ ಕಡಿಮೆಯಾಗಿದ್ದರು. ಅಮೆರಿಕದ ಹಾರ್ವೆ ಕುಶಿಂಗ್ 1917ರಲ್ಲಿ ಈ ಗಡ್ಡೆಯ ಕುರಿತೇ ಒಂದು ಗ್ರಂಥ ಪ್ರಕಟಿಸಿ, ಸುರಕ್ಷಿತ ಶಸ್ತ್ರಚಿಕಿತ್ಸೆಗೆ ದಾರಿ ತೋರಿದರು. 1968ರಲ್ಲಿ ಸ್ವೀಡನ್ನಿನಲ್ಲಿ ಲಾರ್ಸ್ ಲೆಕ್ಸೆಲ್ ಅವರ ಗಾಮಾ ನೈಫ್ ಬಂದ ಮೇಲೆ, ತಲೆಬುರುಡೆ ತೆರೆಯದೆ ಕೇಂದ್ರೀಕೃತ ವಿಕಿರಣದಿಂದ ಗಡ್ಡೆಯ ಬೆಳವಣಿಗೆ ತಡೆಯುವುದು ಸಾಧ್ಯವಾಯಿತು. ಇಂದು ಈ ಸೌಲಭ್ಯ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಇದೆ. ಹಾಲಿವುಡ್ ನಟ ಮಾರ್ಕ್ ರಫಲೊ ಅವರಿಗೆ 2001ರ ಸುಮಾರಿಗೆ ಇದೇ ಗಡ್ಡೆ ಪತ್ತೆಯಾಗಿ ಶಸ್ತ್ರಚಿಕಿತ್ಸೆ ನಡೆಯಿತು. ತಿಂಗಳುಗಟ್ಟಲೆ ಅವರ ಮುಖದ ಒಂದು ಭಾಗ ಸ್ವಾಧೀನದಲ್ಲಿರಲಿಲ್ಲ. ಮುಖ ಮರಳಿತು, ಎಡಗಿವಿ ಮರಳಲಿಲ್ಲ. ಅವರು ಮತ್ತೆ ನಟನೆಗೆ ಬಂದು ಯಶಸ್ಸು ಕಂಡದ್ದು ಎಲ್ಲರಿಗೂ ತಿಳಿದಿದೆ.

ನನ್ನ ಮುಂದೆ ತಜ್ಞರು ಮೂರು ದಾರಿಗಳನ್ನಿಟ್ಟರು: ಶಸ್ತ್ರಚಿಕಿತ್ಸೆ, ವಿಕಿರಣ, ಅಥವಾ ಕಾದು ನೋಡುವುದು. ಗಡ್ಡೆ ಚಿಕ್ಕದಾಗಿದ್ದು, ವಯಸ್ಸು ಅರವತ್ತು ದಾಟಿರುವುದರಿಂದ ಮೂರನೆಯದನ್ನು ಆರಿಸಿಕೊಂಡೆವು. ನಿಗದಿತ ಅವಧಿಗೊಮ್ಮೆ ಎಂಆರ್‌ಐ ಮಾಡಿಸಿ ಅಳತೆ ಹೋಲಿಸುವುದು. ಬೆಳೆದರೆ ಮಾತ್ರ ಮುಂದಿನ ಕ್ರಮ. ಕಳೆದ ಪರೀಕ್ಷೆಯಲ್ಲಿ ಅಳತೆ ಬದಲಾಗಿರಲಿಲ್ಲ.

ಕಾಯುವುದು ಬಾಗಲಕೋಟೆಯವರಿಗೆ ಹೊಸದಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಊರಿನ ಭಾಗಗಳು ಮುಳುಗಿ ನವನಗರ ಎದ್ದುದನ್ನು ನಾವು ಕಂಡಿದ್ದೇವೆ. ಜಲಾಶಯದ ಮಟ್ಟ 519.60 ಮೀಟರಿನಲ್ಲಿದೆ. 2010ರಲ್ಲಿ ಕೃಷ್ಣಾ ನ್ಯಾಯಮಂಡಳಿ 524.256 ಮೀಟರಿಗೆ ಅನುಮತಿ ನೀಡಿದ ಮೇಲೆ, ಈ ಎರಡು ಗೆರೆಗಳ ನಡುವೆ ಮನೆ-ಹೊಲ ಇರುವವರು ಕಾಯುತ್ತ ಬದುಕುವುದನ್ನು ಕಲಿತಿದ್ದಾರೆ. ಮಗನ ಮದುವೆ ಮಾಡುತ್ತಾರೆ, ಕಬ್ಬು ನೆಡುತ್ತಾರೆ, ಗೆರೆಯನ್ನು ಮಾತ್ರ ಮರೆಯುವುದಿಲ್ಲ. ಸೇವೆಯಲ್ಲಿದ್ದಾಗ ಅಂಥವರ ಅರ್ಜಿಗಳ ಮೇಲೆ 'ಪರಿಶೀಲಿಸಿ' ಎಂದು ಬರೆದು ಸಹಿ ಹಾಕುತ್ತಿದ್ದೆ. ಕಾಯುವುದೆಂದರೇನೆಂದು ಈಗ ಮಿಲಿಮೀಟರಿನ ಲೆಕ್ಕದಲ್ಲಿ ಅರಿಯುತ್ತಿದ್ದೇನೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನನ್ನು ಕಾಡಿದ ಪ್ರಶ್ನೆ ಬೇರೊಂದಿದೆ. ಹಠಾತ್ ಕಿವುಡು ಬಂದ ನೂರು ಜನರಿಗೆ ಎಂಆರ್‌ಐ ಮಾಡಿದರೆ ಗಡ್ಡೆ ಸಿಗುವುದು ಬೆರಳೆಣಿಕೆಯ ಜನರಲ್ಲಿ ಮಾತ್ರ. ಉಳಿದವರೆಲ್ಲರ ಪಾಲಿಗೆ ಸಾವಿರಾರು ರೂಪಾಯಿ ವ್ಯರ್ಥವಲ್ಲವೇ? ನಾನು ನಾಲ್ಕು ತಿಂಗಳು ಮನಸ್ಸಿನಲ್ಲಿ ಮಂಡಿಸಿಕೊಂಡ ವಾದವೂ ಇದೇ. ಆದರೆ ಲೆಕ್ಕ ತಪ್ಪಿತ್ತು. ಬಹುಮತದವರಿಗೆ ಸಿಗುವ 'ಇಲ್ಲ' ಎಂಬ ಉತ್ತರಕ್ಕೂ ಬೆಲೆಯಿದೆ. ಗಡ್ಡೆ ಇದ್ದವರಿಗೋ, 8 ಮಿಲಿಮೀಟರಿನಲ್ಲಿ ತಿಳಿದರೆ ಮೂರು ದಾರಿ ತೆರೆದಿರುತ್ತವೆ. ಮೂರು ಸೆಂಟಿಮೀಟರ್ ದಾಟಿ, ಮೆದುಳಿನ ಕಾಂಡವನ್ನು ಒತ್ತತೊಡಗಿದ ಮೇಲೆ ತಿಳಿದರೆ ಸಾಮಾನ್ಯವಾಗಿ ಉಳಿಯುವುದು ಶಸ್ತ್ರಚಿಕಿತ್ಸೆಯೊಂದೇ. ಆಗ ಮುಖದ ನರಕ್ಕೆ ಅಪಾಯವೂ ಹೆಚ್ಚು. ಹಣ ಕೊಟ್ಟು ನಾವು ಕೊಳ್ಳುವುದು ಒಂದು ಚಿತ್ರವನ್ನಲ್ಲ, ಆಯ್ಕೆಗಳನ್ನು. 1963ರಲ್ಲಿ ಕೆನೆತ್ ಆರೋ ವೈದ್ಯಕೀಯ ಸೇವೆಯ ಅರ್ಥಶಾಸ್ತ್ರದ ಕುರಿತು ಬರೆದ ಪ್ರಸಿದ್ಧ ಪ್ರಬಂಧದ ತಿರುಳೂ ಅನಿಶ್ಚಿತತೆಯೇ. ರೋಗಿಗೆ ತಿಳಿಯದ್ದು ವೈದ್ಯನಿಗೆ ತಿಳಿದಿರುತ್ತದೆ, ಆದ್ದರಿಂದ ಈ ಮಾರುಕಟ್ಟೆ ನಂಬಿಕೆಯ ಮೇಲೆ ನಿಂತಿದೆ ಎಂದು ಧಾರವಾಡದ ತರಗತಿಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಚೀಟಿಯ ಕೊನೆಯ ಸಾಲನ್ನು ನಂಬುವ ಹೊತ್ತಿಗೆ ಅದು ನೆನಪಾಗಲಿಲ್ಲ.

ಇದು ನನ್ನೊಬ್ಬನ ಮರೆವಲ್ಲ, ನಮ್ಮ ನೀತಿಯ ಮರೆವೂ ಹೌದು. ಅಂಗವಿಕಲರ ಹಕ್ಕುಗಳ ಕಾಯ್ದೆ (2016) ಎರಡೂ ಕಿವಿಗಳಲ್ಲಿ 70 ಡೆಸಿಬಲ್ ನಷ್ಟವಿದ್ದವರನ್ನು ಕಿವುಡರೆಂದೂ, ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ನಷ್ಟವಿದ್ದವರನ್ನು ಮಂದಶ್ರವಣದವರೆಂದೂ ಗುರುತಿಸುತ್ತದೆ. ಒಂದು ಕಿವಿ ಪೂರ್ಣ ಹೋದವನು ಈ ಲೆಕ್ಕದಲ್ಲಿ ಬರುವುದಿಲ್ಲ. ಸೌಲಭ್ಯದ ಹಂಚಿಕೆಗೆ ಎಲ್ಲಿಯೋ ಒಂದು ಗೆರೆ ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ 'ಇನ್ನೊಂದು ಕಿವಿ ಇದೆಯಲ್ಲ' ಎಂಬ ಮನೋಭಾವ ರೋಗಪತ್ತೆಯಲ್ಲಿಯೂ ನುಸುಳಬಾರದು. ಸದ್ದು ಯಾವ ದಿಕ್ಕಿನಿಂದ ಬಂತೆಂದು ಮೆದುಳು ಅರಿಯುವುದು ಎರಡು ಕಿವಿಗಳಿಗೆ ಅದು ತಲುಪುವ ಸಮಯ ಮತ್ತು ತೀವ್ರತೆಯ ಅಲ್ಪ ವ್ಯತ್ಯಾಸದಿಂದ. ಆ ಹನ್ನೊಂದು ದಿನಗಳಲ್ಲೊಮ್ಮೆ ಇಂಜಿನಿಯರಿಂಗ್ ಕಾಲೇಜಿನ ಮುಂದೆ ರಸ್ತೆ ದಾಟುವಾಗ ಹಾರ್ನ್ ಕೇಳಿ ಎಡಕ್ಕೆ ತಿರುಗಿದೆ, ಟ್ರ್ಯಾಕ್ಟರು ಬಲದಿಂದ ಬಂದಿತ್ತು.

ನಮ್ಮ ಜಿಲ್ಲೆಯ ಇಳಕಲ್ಲು, ಗುಳೇದಗುಡ್ಡಗಳಲ್ಲಿ ಮಗ್ಗದ ಸದ್ದಿನಲ್ಲೇ ಬದುಕುವ ನೇಕಾರರಿದ್ದಾರೆ. ಅಂಥವರಿಗೆ ಒಂದು ಕಿವಿ ಕೇಳಿಸದಾದರೆ ಮಗ್ಗದ ಮೇಲೆಯೇ ಆರೋಪ ಬೀಳುವುದು ಸಹಜ. ಆದರೆ ಗದ್ದಲದಿಂದಾಗುವ ಹಾನಿ ಸಾಮಾನ್ಯವಾಗಿ ಎರಡೂ ಕಿವಿಗಳಿಗೆ, ವರ್ಷಗಳ ಕಾಲಾವಧಿಯಲ್ಲಿ ಆಗುತ್ತದೆ. ಮುಪ್ಪಿನ ಕಿವುಡೂ ಹಾಗೆಯೇ. ಒಂದೇ ಕಿವಿ, ಒಂದೇ ರಾತ್ರಿ ಎಂದರೆ ಕಾರಣ ಬೇರೆಯೇ ಇರಬೇಕು. ಕೇಂದ್ರ ಸರ್ಕಾರ ಕಿವುಡುತನ ತಡೆಗೆ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು 2007ರಿಂದ ಹಂತಹಂತವಾಗಿ ಜಾರಿಗೆ ತಂದಿದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಮ್ಮ ನವನಗರದಲ್ಲಿಯೇ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಕೊರತೆ ಇರುವುದು ಮೊದಲ ಮೆಟ್ಟಿಲಿನಲ್ಲಿ. ಕೆಲವೇ ನೂರು ರೂಪಾಯಿಯ ಉಕ್ಕಿನ ಕವೆಯನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಟ್ಟು, 'ಹಠಾತ್ ಒಂದು ಕಿವಿ ಹೋದವರನ್ನು ಅದೇ ವಾರ ಶ್ರವಣ ಪರೀಕ್ಷೆಗೆ ಕಳುಹಿಸತಕ್ಕದ್ದು' ಎಂಬ ಒಂದು ಸಾಲಿನ ಸುತ್ತೋಲೆ ಹೊರಡಿಸುವುದಕ್ಕೆ ಯಾವ ಬಜೆಟ್ ಮಂಜೂರಾತಿಯೂ ಬೇಕಿಲ್ಲ.

ಸುತ್ತೋಲೆ ಬರುವವರೆಗೆ ಓದುಗರು ಇಷ್ಟನ್ನು ನೆನಪಿಟ್ಟರೆ ಸಾಕು. ಒಂದು ಕಿವಿ ಥಟ್ಟನೆ ಮಂಕಾದರೆ ಬಾಯಿ ಮುಚ್ಚಿ 'ಮ್' ಎಂದು ಗುನುಗಿ ನೋಡಿ. ಸದ್ದು ಮಂಕಾದ ಕಿವಿಯಲ್ಲಿ ಜೋರಾಗಿ ಕೇಳಿದರೆ ಗುಗ್ಗೆಯೋ ನೆಗಡಿಯೋ ಇದ್ದೀತು. ಒಳ್ಳೆಯ ಕಿವಿಯಲ್ಲಿ ಜೋರಾಗಿ ಕೇಳಿದರೆ ನರದ ದೋಷದ ಶಂಕೆ ಬಲವಾಗುತ್ತದೆ. ಇದು ವೈದ್ಯರ ಪರೀಕ್ಷೆಗೆ ಬದಲಿಯಲ್ಲ, ಬೇಗ ಹೊರಡಲು ಒಂದು ಎಚ್ಚರಿಕೆ ಮಾತ್ರ. ಎಣ್ಣೆ ಬಿಡುತ್ತ ಕೂರದೆ ಅಂದೇ, ತಪ್ಪಿದರೆ ಮರುದಿನವೇ ತಜ್ಞರನ್ನು ಕಾಣಿ, ಶ್ರವಣ ಪರೀಕ್ಷೆ ಮಾಡಿಸಿ. ತಲೆಯ ಸಾಮಾನ್ಯ ಸಿಟಿ ಸ್ಕ್ಯಾನಿನಲ್ಲಿ ಚಿಕ್ಕ ಗಡ್ಡೆ ಕಾಣದೆ ಹೋಗಬಹುದು. ವೈದ್ಯರು ಎಂಆರ್‌ಐ ಹೇಳಿದರೆ, ಕಿವಿ ಮರಳಿದ್ದರೂ ಅದನ್ನು ಮಾಡಿಸಿ. ಬಹುಮಟ್ಟಿಗೆ ಅದರಲ್ಲಿ ಏನೂ ಇರುವುದಿಲ್ಲ. ಇದ್ದರೂ ಅದು ಬದುಕಿನ ಕೊನೆಯಲ್ಲ.

ಮಗಳು ಈಗಲೂ ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾಳೆ. ಹಳೆಯ ರೂಢಿಯಂತೆ ಮೊದಲು ಬಲಗಿವಿಗೇ ಹಿಡಿಯುತ್ತೇನೆ. ಅವಳ ದನಿ ಕೇಳಿಸುತ್ತದೆ, ಸ್ವಲ್ಪ ದೂರದಿಂದ ಬಂದಂತೆ. ಮಾತಿಗೆ ಮೊದಲು ಅವಳು ಕೇಳುವ ಪ್ರಶ್ನೆಯೊಂದೇ: 'ಅಪ್ಪಾ, ಮುಂದಿನ ಸ್ಕ್ಯಾನ್ ಯಾವಾಗ ಐತಿ?' ತಾರೀಖು ಹೇಳುತ್ತೇನೆ. ಈ ಸಲ ಮುಂದೂಡುವುದಿಲ್ಲ.